ಹೊತ್ತು ಮುಳುಗುವ ಮುಂಚೆ

(ಮುಂಬಯಿಯಲ್ಲಿ ನಮ್ಮ ಸಂಘದ ಯುಗಾದಿ ಕೂಟದಲ್ಲಿ ಮಾಡಿದ ಭಾಷಣ)



ಯುಗಾದಿಯ ಕೂಟದಲ್ಲಿ ಮಾತನಾಡಲು ನಿಂತವರು ನಾಡು, ನುಡಿ, ಸಂಸ್ಕೃತಿ ಮುಂತಾದ ದೊಡ್ಡ ವಿಷಯಗಳನ್ನು ಎತ್ತಿಕೊಳ್ಳುವುದು ವಾಡಿಕೆ. ಆ ವಿಷಯಗಳನ್ನು ಚೆನ್ನಾಗಿ ಬಲ್ಲವರು ಈ ವೇದಿಕೆಯ ಮೇಲೆ ಹಲವು ಸಲ ಮಾತನಾಡಿದ್ದಾರೆ, ಮುಂದೆಯೂ ಮಾತನಾಡುವರು. ನಾವು ಇಂದು ಆರಿಸಿಕೊಂಡಿರುವುದು ಬಲು ಸಣ್ಣ ವಿಷಯ: ಕೆಲಸ ಬಿಟ್ಟ ಮೇಲೆ, ದೀಪ ಹಚ್ಚುವ ಮೊದಲು, ನಮ್ಮ ಪಾಲಿಗೆ ಉಳಿಯುವ ಬೆಳಕು. ಇದಕ್ಕೆ ಬಾಡಿಗೆಯಿಲ್ಲ, ತೆರಿಗೆಯಿಲ್ಲ. ಪಗಡಿ ಕೊಡದೆ ಈ ಊರಿನಲ್ಲಿ ದೊರೆಯುವ ವಸ್ತು ಇದೊಂದೇ ಎಂದರೂ ಸಲ್ಲುವುದು. ಆದುದರಿಂದಲೇ ಇರಬೇಕು, ಇದರ ಲೆಕ್ಕವನ್ನು ಯಾರೂ ಇಡುವುದಿಲ್ಲ. ಇಂದು ಆ ಲೆಕ್ಕವನ್ನು ಸ್ವಲ್ಪ ಬಿಚ್ಚಿ ನೋಡೋಣ: ಬೆಳಕು ನಮಗೆ ಎಷ್ಟು ಬರುತ್ತಿದೆ, ಎಲ್ಲಿಂದ ಬರುತ್ತಿದೆ, ಯಾರ ಪಾಲಿಗೆ ಎಷ್ಟು ಸೇರುತ್ತಿದೆ?

ಮೊದಲು ನಮ್ಮ ನುಡಿಯನ್ನೇ ಕೇಳೋಣ. ಕನ್ನಡದಲ್ಲಿ 'ಹೊತ್ತು' ಎಂದರೆ ಕಾಲ. 'ಹೊತ್ತು' ಎಂದರೆ ಸೂರ್ಯನೂ ಹೌದು. ಹೊತ್ತು ಹುಟ್ಟುತ್ತದೆ, ಏರುತ್ತದೆ, ಇಳಿಯುತ್ತದೆ, ಮುಳುಗುತ್ತದೆ. ಹೊತ್ತಾರೆ ಎದ್ದು ಹೊಲಕ್ಕೆ ಹೋದವನು ಹೊತ್ತು ಮುಳುಗಿದ ಮೇಲೆ ಮನೆಗೆ ಬರುತ್ತಿದ್ದ. ಹೊತ್ತು ಗೊತ್ತು ಇಲ್ಲದೆ ತಿರುಗುವವನನ್ನು ಹಿರಿಯರು ಗದರುತ್ತಿದ್ದರು. ಕಾಲ ಬೇರೆ, ಸೂರ್ಯ ಬೇರೆ ಎಂಬ ಭೇದವೇ ಆ ಮಾತಿನಲ್ಲಿಲ್ಲ. ಕೆಲಸವೂ ಬೆಳಕೂ ಒಟ್ಟಿಗೆ ಮುಗಿಯುತ್ತಿದ್ದ ಕಾಲದಲ್ಲಿ 'ಕೆಲಸ ಬಿಟ್ಟ ಮೇಲಿನ ಬೆಳಕು' ಎಂಬ ವಸ್ತುವೂ ಇರಲಾರದು. ಕಚೇರಿ, ಗಿರಣಿ, ಬ್ಯಾಂಕುಗಳು ಬಂದ ಮೇಲೆ ಹೊತ್ತು ಎರಡಾಯಿತು: ಒಂದು ಗೋಡೆಯ ಮೇಲಿನ ಹೊತ್ತು, ಇನ್ನೊಂದು ಆಕಾಶದ ಹೊತ್ತು. ಗೋಡೆಯ ಹೊತ್ತು ನಮ್ಮನ್ನು ಬಿಟ್ಟ ಮೇಲೆ ಆಕಾಶದ ಹೊತ್ತು ಇನ್ನೂ ಸ್ವಲ್ಪ ಉಳಿದಿದ್ದರೆ, ಆ ನಡುವಿನ ಅಂತರವೇ ನಮ್ಮ ಇಂದಿನ ವಿಷಯ.

ಮುಂಬಯಿಯಲ್ಲಿ ಈ ಅಂತರ ವರ್ಷವಿಡೀ ಒಂದೇ ಸಮನಾಗಿಲ್ಲ. ನವೆಂಬರ್ ತಿಂಗಳ ಕೊನೆಯ ವಾರದಲ್ಲಿ ಸೂರ್ಯ ಇಲ್ಲಿ ಸರಿಸುಮಾರು ಆರು ಗಂಟೆಗೆ ಮುಳುಗುತ್ತಾನೆ. ವರ್ಷದ ಅತಿ ಬೇಗನೆಯ ಮುಳುಗು ಅದೇ. ಡಿಸೆಂಬರ್ 21ರ ಅತಿ ಗಿಡ್ಡ ಹಗಲಿನಂದು ಸಂಜೆಯೂ ಅತಿ ಗಿಡ್ಡವಾಗಿರಬೇಕೆಂದು ನಾವು ಎಣಿಸುವುದುಂಟು. ಆದರೆ ಅಷ್ಟು ಹೊತ್ತಿಗೆ ಸಂಜೆ ಆಗಲೇ ನಾಲ್ಕೈದು ನಿಮಿಷ ಉದ್ದವಾಗಿರುತ್ತದೆ. ಮಕರ ಸಂಕ್ರಾಂತಿಗೆ ಮುಳುಗುವ ವೇಳೆ 6-20, ಈಗ ಯುಗಾದಿಯ ಸುಮಾರಿಗೆ 6-50, ಮೇ ತಿಂಗಳ ನಡುವೆ 7-06, ಜುಲೈ ಮೊದಲ ವಾರದಲ್ಲಿ 7-20. ಅಂದರೆ ಅತಿ ಗಿಡ್ಡ ಸಂಜೆಗೂ ಅತಿ ಉದ್ದ ಸಂಜೆಗೂ ನಡುವೆ 80 ನಿಮಿಷಗಳ ವ್ಯತ್ಯಾಸ. ಜೂನ್ ಎರಡನೆಯ ವಾರದ ಸುಮಾರಿಗೆ ಮಳೆ ಹಿಡಿದ ಮೇಲೆ ಆ ಉದ್ದ ಸಂಜೆಗಳೆಲ್ಲ ಮೋಡದ ಹಿಂದೆ ಕಳೆದುಹೋಗುತ್ತವೆ. ಆದುದರಿಂದ ನಿಜವಾಗಿ ನಮ್ಮ ಕೈಗೆ ಸಿಗುವ ಬೆಳಕಿನ ಸಂಜೆಗಳೆಂದರೆ ಯುಗಾದಿಯಿಂದ ಮುಂಗಾರಿನವರೆಗಿನ ಎರಡು ಎರಡೂವರೆ ತಿಂಗಳು. ಬೇವುಬೆಲ್ಲದ ಜೊತೆಗೇ ಈ ಮಾತನ್ನು ಆಡಲು ಕಾರಣ ಇದೇ.

ಬೇರೆ ಊರುಗಳಲ್ಲಿರುವ ನಮ್ಮ ಬಂಧುಗಳ ಸಂಜೆಯನ್ನೂ ಇದಕ್ಕೆ ಹೋಲಿಸಿ ನೋಡಬಹುದು. ಪುಣೆಯವರದು ಹೆಚ್ಚು ಕಡಿಮೆ ನಮ್ಮದೇ ಸಂಜೆ. ನಾಲ್ಕೈದು ನಿಮಿಷ ಮೊದಲು, ಅಷ್ಟೆ. ಹೈದರಾಬಾದಿನಲ್ಲಿ ಅತಿ ತಡವಾದ ಮುಳುಗು 6-55ರ ಸುಮಾರಿಗೆ, ಚೆನ್ನೈಯಲ್ಲಿ 6-40ಕ್ಕೆ. ನವೆಂಬರಿನಲ್ಲಿ ಈ ಎರಡು ಊರುಗಳಲ್ಲೂ 5-40ಕ್ಕೇ ಹೊತ್ತು ಮುಳುಗುತ್ತದೆ. ದಿಲ್ಲಿಯ ಸಂಗತಿಯೇ ಬೇರೆ. ಅಲ್ಲಿ ಜೂನ್ ಕೊನೆಗೆ 7-20 ದಾಟಿದರೆ ಡಿಸೆಂಬರ್ ಮೊದಲಲ್ಲಿ 5-25ಕ್ಕೆ ಮುಗಿಯುತ್ತದೆ. ಎರಡು ಗಂಟೆಗಳ ಏರಿಳಿತ. ಉತ್ತರಕ್ಕೆ ಹೋದಷ್ಟೂ ಬೇಸಿಗೆಯ ಹಗಲು ಹಿಗ್ಗುತ್ತದೆ, ಚಳಿಗಾಲದ ಹಗಲು ಕುಗ್ಗುತ್ತದೆ. ದಿಲ್ಲಿಯ ಅತಿ ದೊಡ್ಡ ಹಗಲು ಸುಮಾರು 14 ಗಂಟೆ. ಚೆನ್ನೈ ಬೆಂಗಳೂರುಗಳದು 13 ಗಂಟೆಗೂ ಸ್ವಲ್ಪ ಕಡಿಮೆ. ಕಲಕತ್ತೆಯಲ್ಲಿ ಕನ್ನಡಿಗರ ಮನೆಗಳಿದ್ದರೆ ಅವರು ನಮ್ಮ ಮೇಲೆ ಹೊಟ್ಟೆಕಿಚ್ಚು ಪಡಬಹುದು. ಅಲ್ಲಿ ನವೆಂಬರ್ ಕೊನೆಗೆ ಐದು ಗಂಟೆ ಹೊಡೆಯುವ ಮೊದಲೇ ಸೂರ್ಯ ಕಾಣೆಯಾಗುತ್ತಾನೆ.

ಮುಂಬಯಿಗೆ ಈ ಸೌಭಾಗ್ಯ ಹೇಗೆ ಬಂತು? ಇದು ಸೂರ್ಯನ ಪಕ್ಷಪಾತವಲ್ಲ, ಗಡಿಯಾರದ ಪಕ್ಷಪಾತ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಇಡೀ ದೇಶದ ಗಡಿಯಾರಗಳು 82½ ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತವೆ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಸಮೀಪದಲ್ಲಿ ಹಾದುಹೋಗುತ್ತದೆ. ಮುಂಬಯಿ ಇರುವುದು 73 ಡಿಗ್ರಿಗೆ ತುಸು ಈಚೆಗೆ. ಲೆಕ್ಕ ಹಾಕಿದರೆ ನಮ್ಮ ನೆತ್ತಿಯ ಮೇಲಿನ ಸೂರ್ಯ ನಮ್ಮ ಗಡಿಯಾರಕ್ಕಿಂತ 39 ನಿಮಿಷ ಹಿಂದೆ ಬರುತ್ತಾನೆ. ಮಂಗಳೂರು ಧಾರವಾಡಗಳಲ್ಲಿ ಈ ವ್ಯತ್ಯಾಸ ಅರ್ಧ ಗಂಟೆ, ಬೆಂಗಳೂರಿನಲ್ಲಿ 20 ನಿಮಿಷ, ಚೆನ್ನೈಯಲ್ಲಿ ಒಂಬತ್ತೇ ನಿಮಿಷ. ಗಡಿಯಾರ ಐದೂವರೆ ತೋರಿಸಿ ನಮ್ಮನ್ನು ಕಚೇರಿಯಿಂದ ಬಿಡುವಾಗ ಮುಂಬಯಿಯ ನಿಜವಾದ ಹೊತ್ತು ಇನ್ನೂ ಐದಕ್ಕೆ ಒಂಬತ್ತು ನಿಮಿಷ ಕಡಿಮೆ. ಆ 39 ನಿಮಿಷಗಳ ಬೆಳಕೇ ನಮಗೆ ಸಂಜೆಯಲ್ಲಿ ಸಿಗುವ ಹೆಚ್ಚಿನ ಪಾಲು.

ಈ ಏರ್ಪಾಡು ಸುಲಭವಾಗಿ ಆದುದಲ್ಲ. ಹಿಂದೆ ಮುಂಬಯಿಗೆ, ಕಲಕತ್ತೆಗೆ, ಮದರಾಸಿಗೆ ತಮ್ಮ ತಮ್ಮ ವೇಳೆಗಳಿದ್ದವು. ರೈಲ್ವೆಗಳು ಮದರಾಸಿನ ವೇಳೆಯನ್ನು ಅನುಸರಿಸುತ್ತಿದ್ದವು. 1906ರ ಜನವರಿ 1ರಿಂದ ಸರಕಾರ ಇಡೀ ದೇಶಕ್ಕೆ ಒಂದೇ ವೇಳೆಯನ್ನು ಗೊತ್ತುಮಾಡಿತು. ಮುಂಬಯಿ ಇದಕ್ಕೆ ತಲೆಬಾಗಲಿಲ್ಲ. ಅದೇ ತಿಂಗಳು ಇಲ್ಲಿಯ ಹತ್ತಿಗಿರಣಿಗಳ ಕೆಲಸಗಾರರು ಹೊಸ ಗಡಿಯಾರದ ವಿರುದ್ಧ ಪ್ರತಿಭಟಿಸಿದರು. ನಗರಸಭೆಯೂ ಹಳೆಯ ಮುಂಬಯಿ ವೇಳೆಯನ್ನೇ ಹಿಡಿದುಕೊಂಡು, ಸ್ವಾತಂತ್ರ್ಯ ಬಂದ ನಂತರವೂ ಕೆಲಕಾಲ ಬಿಡಲಿಲ್ಲ. ಒಂದೇ ಊರಿನಲ್ಲಿ ಎರಡು ವೇಳೆ. ಯಾರನ್ನಾದರೂ ಊಟಕ್ಕೆ ಕರೆದರೆ 'ಯಾವ ಗಂಟೆ?' ಎಂದು ಕೇಳಿದ ಮೇಲೆ 'ಯಾವ ಗಡಿಯಾರ?' ಎಂದೂ ಕೇಳಬೇಕಾಗಿದ್ದ ಕಾಲ ಅದು.

ಗಿರಣಿಯವರು ಏಕೆ ಪ್ರತಿಭಟಿಸಿದರು ಎಂಬುದನ್ನು ನಾವು ಗಮನಿಸಬೇಕು. ಗಡಿಯಾರವನ್ನು 39 ನಿಮಿಷ ಮುಂದಿಟ್ಟರೆ ಸಂಜೆ ಅಷ್ಟು ಬೆಳಕು ಸಿಗುವುದು ನಿಜ. ಆದರೆ ಬೆಳಗ್ಗೆ ಅಷ್ಟೇ ಬೇಗ, ಕತ್ತಲೆಯಲ್ಲಿ, ಏಳಬೇಕಾಗುತ್ತದೆ. ಹಗಲಿನ ಒಟ್ಟು ಉದ್ದವನ್ನು ಯಾವ ಸರಕಾರವೂ ಒಂದು ನಿಮಿಷ ಹೆಚ್ಚಿಸಲಾರದು. ಸಂಜೆಗೆ ಸೇರಿಸಿದ್ದನ್ನು ಬೆಳಗಿನಿಂದಲೇ ಕಡ ತರಬೇಕು. ಬೆಳಗಿನ ಸರದಿಗೆ ಹೋಗುವವನಿಗೆ ಈ ಕಡದ ಬಿಸಿ ಮೊದಲು ತಟ್ಟಿತು. ಸಂಜೆಯ ಬೆಳಕು ಪುಕ್ಕಟೆ ಎಂದು ನಾವು ಮೊದಲು ಹೇಳಿದೆವಷ್ಟೆ? ಆ ಮಾತನ್ನು ಈಗ ಇಷ್ಟು ತಿದ್ದಿಕೊಳ್ಳೋಣ: ಅದು ಪುಕ್ಕಟೆಯಲ್ಲ, ಬೆಳಗ್ಗೆ ಯಾರೋ ಒಬ್ಬರು ಅದಕ್ಕೆ ಮುಂಗಡ ಕೊಟ್ಟಿರುತ್ತಾರೆ.

ಸಂಜೆಯ ಬೆಳಕಿಗಾಗಿ ಗಡಿಯಾರವನ್ನೇ ತಿರುಗಿಸಬೇಕೆಂದು ಹೊರಟವರ ಕಥೆಯೂ ಸ್ವಾರಸ್ಯವಾಗಿದೆ. ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ಜಾರ್ಜ್ ಹಡ್ಸನ್ ಎಂಬಾತ ಅಂಚೆ ಕಚೇರಿಯ ನೌಕರ. ಕೆಲಸ ಮುಗಿದ ಮೇಲೆ ಚಿಟ್ಟೆ, ದುಂಬಿ, ಕೀಟಗಳನ್ನು ಹಿಡಿದು ಅಭ್ಯಸಿಸುವುದು ಅವನ ಹವ್ಯಾಸ. ಬೆಳಕಿದ್ದರಲ್ಲವೇ ಕೀಟ ಕಾಣುವುದು? 1895ರಲ್ಲಿ ಅವನು ಅಲ್ಲಿಯ ವಿದ್ವತ್ ಸಭೆಯೊಂದರ ಮುಂದೆ, ಬೇಸಿಗೆಯಲ್ಲಿ ಗಡಿಯಾರವನ್ನು ಎರಡು ಗಂಟೆ ಮುಂದಿಡಬೇಕೆಂದು ಸೂಚಿಸಿದ. ಇಂಗ್ಲೆಂಡಿನಲ್ಲಿ ವಿಲಿಯಂ ವಿಲೆಟ್ ಎಂಬ ಕಟ್ಟಡದ ಗುತ್ತಿಗೆದಾರ 1907ರಲ್ಲಿ ಇಂಥದೇ ಸೂಚನೆಯ ಕಿರುಹೊತ್ತಗೆಯನ್ನು ಅಚ್ಚುಹಾಕಿಸಿದ. ಏಪ್ರಿಲ್ ತಿಂಗಳ ನಾಲ್ಕು ಭಾನುವಾರ, ವಾರಕ್ಕೆ 20 ನಿಮಿಷದಂತೆ, ಒಟ್ಟು 80 ನಿಮಿಷ ಗಡಿಯಾರವನ್ನು ಮುಂದೂಡಬೇಕೆಂಬುದು ಅವನ ಯೋಜನೆ. ಅದನ್ನು ಕಾನೂನಾಗಿಸಲು ಹೋರಾಡುತ್ತಲೇ ಅವನು 1915ರಲ್ಲಿ ತೀರಿಕೊಂಡ. ಮರುವರ್ಷ ಮಹಾಯುದ್ಧದ ನಡುವೆ, ಇಂಧನ ಉಳಿಸುವ ಸಲುವಾಗಿ, ಮೊದಲು ಜರ್ಮನಿಯೂ ಮೂರು ವಾರಗಳ ನಂತರ ಬ್ರಿಟನ್ನೂ ಬೇಸಿಗೆಯ ಗಡಿಯಾರವನ್ನು ಜಾರಿಗೆ ತಂದವು. ವಿಲೆಟ್ ಜೀವನವಿಡೀ ಬೇಡಿದ ಆ 80 ನಿಮಿಷಗಳನ್ನು ಮುಂಬಯಿಯ ಆಕಾಶ ನವೆಂಬರಿನಿಂದ ಜುಲೈಯವರೆಗೆ ನಮಗೆ ತಾನಾಗಿಯೇ ಕೊಡುತ್ತಿದೆ.

ನಮ್ಮ ದೇಶದಲ್ಲೂ ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರವರೆಗೆ, ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟಿದ್ದರು. ಆ ಮೇಲೆ ಕೈಬಿಟ್ಟರು. ಅಸ್ಸಾಮಿನ ಚಹಾ ತೋಟಗಳಲ್ಲಿ ಮಾತ್ರ 'ಬಾಗಾನ್ ವೇಳೆ' ಎಂಬ ಒಂದು ಗಂಟೆ ಮುಂದಿನ ಗಡಿಯಾರ ಬ್ರಿಟಿಷರ ಕಾಲದಿಂದ ಬಂದಿದೆ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೇ ಹೊತ್ತು ಮುಳುಗುವುದರಿಂದ ಅವರಿಗೆ ಅದು ಅವಶ್ಯ. ಮುಂಬಯಿಯ ನಮಗೆ ಗಡಿಯಾರವನ್ನು ಮುಟ್ಟುವ ಅವಶ್ಯಕತೆಯಿಲ್ಲ. ನಮ್ಮ ಕೊರತೆ ಬೆಳಕಿನದಲ್ಲ, ಅದನ್ನು ಹಂಚುವ ಬಗೆಯದು.

ಈಗ ಆ ಲೆಕ್ಕಕ್ಕೆ ಬರೋಣ. ಐದೂವರೆಗೆ ಕಚೇರಿ ಬಿಟ್ಟು, ಐದೂ ಐವತ್ತರ ವೇಗದ ಲೋಕಲ್ ಹಿಡಿದವರು ಡೊಂಬಿವಲಿಯಲ್ಲಿ ಇಳಿಯುವಾಗ ಏಳು ಗಂಟೆ. ವಿರಾರಿಗೆ ಹೋಗುವವರಿಗೆ ಅದಕ್ಕೂ ಹೆಚ್ಚು. ಮೇ ತಿಂಗಳಲ್ಲಿ ಮನೆಯ ಮೆಟ್ಟಿಲು ಹತ್ತುವಾಗ ಆಕಾಶದಲ್ಲಿ ಕೆಂಪು ಇನ್ನೂ ಉಳಿದಿರುತ್ತದೆ. ನವೆಂಬರಿನಲ್ಲಿ ಹೊತ್ತು ಮುಳುಗಿ ಒಂದು ಗಂಟೆಯೇ ಆಗಿರುತ್ತದೆ. 2020ರಲ್ಲಿ ಮಹಾರಾಷ್ಟ್ರ ಸರಕಾರ ತನ್ನ ಕಚೇರಿಗಳಿಗೆ ಐದು ದಿನಗಳ ವಾರವನ್ನು ತಂದಾಗ ದಿನದ ಕೆಲಸವನ್ನು 45 ನಿಮಿಷ ಹೆಚ್ಚಿಸಿ, ಬಿಡುವ ವೇಳೆಯನ್ನು ಆರೂಕಾಲಕ್ಕೆ ಇಟ್ಟಿತು. ವಾರದ ಐದು ಸಂಜೆಗಳ ಬೆಳಕನ್ನು ಕೊಟ್ಟು ಒಂದು ಇಡೀ ಶನಿವಾರವನ್ನು ಕೊಂಡಂತಾಯಿತು. ವ್ಯಾಪಾರ ನಷ್ಟದ್ದಲ್ಲ, ಆದರೆ ಕೊಂಡ ಶನಿವಾರವನ್ನು ಏನು ಮಾಡುತ್ತೇವೆಂಬುದರ ಮೇಲೆ ಲಾಭ ನಿಂತಿದೆ. ಉಳಿದ ದಿನಗಳಲ್ಲಿ ಮಾಹೀಮ್ ಕಡೆಯ ಕೊಲ್ಲಿಯನ್ನೋ ವಸಯಿಯ ಖಾಡಿಯನ್ನೋ ದಾಟುವಾಗ ರೈಲಿನ ಬಾಗಿಲಲ್ಲಿ ನಿಂತವರಿಗೆ ನೀರಿನ ಮೇಲೆ ಒಂದು ನಿಮಿಷ ಕಾಣುವುದೇ ಹಲವರ ಪಾಲಿನ ಸಂಜೆ.

ಅದೇ ರೈಲಿನ ಮಹಿಳೆಯರ ಡಬ್ಬಿಯಲ್ಲಿ ಆ ಹೊತ್ತಿಗೆ ಏನು ನಡೆಯುತ್ತಿರುತ್ತದೆಂದು ನಮ್ಮ ತಾಯಂದಿರು ಬಲ್ಲರು. ಕೆಲವರು ಬಟಾಣಿ ಸುಲಿಯುತ್ತಿರುತ್ತಾರೆ, ಕೆಲವರು ಮೆಂತ್ಯದ ಸೊಪ್ಪು ಬಿಡಿಸುತ್ತಿರುತ್ತಾರೆ. ಮನೆ ತಲುಪುವುದಕ್ಕೆ ಮೊದಲೇ ರಾತ್ರಿಯ ಅಡಿಗೆ ಆರಂಭವಾಗಿರುತ್ತದೆ. ಬೆಳಗ್ಗೆ ಐದಕ್ಕೆ ಎದ್ದು ಒಲೆ ಹಚ್ಚಿ, ಡಬ್ಬಿ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿದವರೂ ಅವರೇ. 2019ರಲ್ಲಿ ಕೇಂದ್ರ ಸರಕಾರದ ಅಂಕಿಅಂಶ ಕಚೇರಿ ದೇಶದ ಜನ ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರನ್ನಷ್ಟೇ ಎಣಿಸಿದರೆ, ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಿದ್ದರು. ಐದು ಗಂಟೆಗೆ ಒಂದು ನಿಮಿಷ ಮಾತ್ರ ಕಡಿಮೆ. ಮಕ್ಕಳ, ಮುದುಕರ, ಕಾಯಿಲೆಯವರ ಶುಶ್ರೂಷೆ ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ.

ಈಗ ಗಿರಣಿಯವರ ಮಾತನ್ನು ನೆನಪಿಗೆ ತಂದುಕೊಳ್ಳಿ. ಸಂಜೆಯ ಬೆಳಕಿಗೆ ಬೆಳಗಿನಲ್ಲಿ ಮುಂಗಡ ಕೊಡಬೇಕು. ಮುಂಬಯಿಯಲ್ಲಿ ಜನವರಿ ತಿಂಗಳು ಸೂರ್ಯ ಏಳುವುದು ಏಳೂಕಾಲಿಗೆ. ಐದಕ್ಕೆ ಎದ್ದವರು ಎರಡು ಗಂಟೆಗೂ ಮೇಲೆ ಕತ್ತಲೆಯಲ್ಲಿ ದುಡಿದಿರುತ್ತಾರೆ. ಗಡಿಯಾರ ಮುಂದಿರುವುದರಿಂದ ಸಂಜೆ ದೊರೆತ ಬೆಳಕಿನಲ್ಲಿ ಯಜಮಾನರು ತಿರುಗಾಡಿ ಬರುತ್ತಾರೆ, ಮಕ್ಕಳು ಆಡಿ ಬರುತ್ತಾರೆ, ಹಿರಿಯರು ಉದ್ಯಾನದ ಬೆಂಚಿನ ಮೇಲೆ ಕೂತು ರಾಜಕೀಯ ಮಾತನಾಡಿ ಬರುತ್ತಾರೆ. ಬೆಳಗ್ಗೆ ಮುಂಗಡ ಕೊಟ್ಟಾಕೆ ಮಾತ್ರ ಅಡಿಗೆಮನೆಯ ಕಿಟಕಿಯಲ್ಲಿ ಎದುರು ಕಟ್ಟಡದ ಗೋಡೆಯ ಮೇಲೆ ಬೆಳಕು ಮೇಲೇರಿ ಆರುವುದನ್ನು ನೋಡುತ್ತಾಳೆ. ಸಾಲ ತೀರಿಸುವವರು ಒಬ್ಬರು, ಗಂಟು ಉಣ್ಣುವವರು ಇನ್ನೊಬ್ಬರು ಎಂದಾದರೆ ಅಂಗಡಿಯ ಲೆಕ್ಕದಲ್ಲಿ ಅದನ್ನು ಏನೆನ್ನುವರೆಂದು ಈ ಸಭೆಯಲ್ಲಿರುವ ವ್ಯಾಪಾರಸ್ಥರು ಹೇಳಬಲ್ಲರು. ನಾವು ಈ ಭಾಷಣಕ್ಕೆ ನಿಂತದ್ದು ಮುಖ್ಯವಾಗಿ ಈ ಒಂದು ಮಾತನ್ನು ಹೇಳುವುದಕ್ಕೆ.

ಇನ್ನು ಸಂಜೆಯೇ ಇಲ್ಲದವರು ನಮ್ಮಲ್ಲಿ ಕಡಿಮೆಯಿಲ್ಲ. ಮುಂಬಯಿಗೆ ಕನ್ನಡಿಗರು ಬಂದ ದಾರಿಯನ್ನು ನೋಡಿದರೆ ಅರ್ಧ ದಾರಿ ಹೋಟೆಲುಗಳ ಮೂಲಕ ಬಂದಿದೆ. ಊರಿನವರೆಲ್ಲ ಕೆಲಸ ಬಿಡುವ ಹೊತ್ತೇ ಹೋಟೆಲಿನವರಿಗೆ ಕೆಲಸ ಏರುವ ಹೊತ್ತು. ದೋಸೆಯ ಕಲ್ಲಿನ ಮುಂದೆ ನಿಂತವನಿಗೆ ಸೂರ್ಯ ಮುಳುಗಿದ ಸುದ್ದಿ ಗಿರಾಕಿಗಳ ನೂಕುನುಗ್ಗಲಿನಿಂದ ತಿಳಿಯಬೇಕು. ಆಸ್ಪತ್ರೆಯ ದಾದಿಯರು, ಕಾವಲುಗಾರರು, ಟ್ಯಾಕ್ಸಿ ನಡೆಸುವವರು, ದೂರದ ದೇಶಗಳ ಗಡಿಯಾರಕ್ಕೆ ತಕ್ಕಂತೆ ರಾತ್ರಿಪಾಳಿ ಮಾಡುವ ಕಂಪ್ಯೂಟರ್ ಕಚೇರಿಯ ಯುವಕ ಯುವತಿಯರು, ಇವರಿಗೂ ಹಾಗೆಯೇ. ಹಿಂದೆ ಹೋಟೆಲಿನಲ್ಲಿ ಹಗಲೆಲ್ಲ ದುಡಿದ ಹುಡುಗರು ಈ ಊರಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು. ಬೆಳಕು ಸಿಗದವರಿಗೆ ದೀಪವನ್ನಾದರೂ ಹಿಡಿಯಬೇಕೆಂದು ಅಂದಿನ ಹಿರಿಯರಿಗೆ ತೋಚಿತು. ನಮಗೂ ಅಂಥದೇನಾದರೂ ತೋಚಬೇಕು.

ಮಕ್ಕಳ ವಿಷಯಕ್ಕೆ ಬಂದರೆ ಈ ಬೆಳಕು ಸಂತೋಷಕ್ಕೆ ಮಾತ್ರವಲ್ಲ, ಆರೋಗ್ಯಕ್ಕೂ ಬೇಕು. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಿಗೆ ದೂರದ್ದು ಮಬ್ಬಾಗಿ ಕಾಣುವ ದೃಷ್ಟಿದೋಷ ಬರುವುದು ಕಡಿಮೆಯೆಂದು ವೈದ್ಯರು ಕಂಡುಕೊಂಡಿದ್ದಾರೆ. ತೈವಾನಿನಲ್ಲಿ 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬಯಲಿನಲ್ಲಿರಿಸುವ ಕಾರ್ಯಕ್ರಮವನ್ನೇ ಕೈಗೊಂಡಿದ್ದಾರೆ. ಮನೆಯೊಳಗಿನ ದೀಪ ನಮ್ಮ ಕಣ್ಣಿಗೆ ಎಷ್ಟು ಪ್ರಖರವಾಗಿ ತೋರಿದರೂ ಮರದ ನೆರಳಿನ ಹಗಲಿಗೆ ಸಾಟಿಯಲ್ಲ. ನಮ್ಮ ಮಕ್ಕಳಾದರೋ ಶಾಲೆ ಬಿಟ್ಟೊಡನೆ ಟ್ಯೂಷನ್ನಿಗೆ, ಅಲ್ಲಿಂದ ಬಂದೊಡನೆ ಅಂಗೈಯಗಲದ ಮೊಬೈಲಿನ ಬೆಳಕಿಗೆ ಹೋಗುತ್ತವೆ. ಅದೂ ಬೆಳಕೇ, ಆದರೆ ಆ ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ.

ನುಡಿಯೂ ಈ ಹೊತ್ತನ್ನೇ ನೆಚ್ಚಿಕೊಂಡಿದೆ. ಹೊರನಾಡಿನ ಮಕ್ಕಳಿಗೆ ಶಾಲೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು. ಕನ್ನಡ ಉಳಿಯುವುದು ಮನೆಯಲ್ಲಿ. ಮನೆಯಲ್ಲಿ ಅದು ಕೇಳಿಬರುವುದು ಹೆಚ್ಚಾಗಿ ಯಾವಾಗ? 'ಬೇಗ ಏಳು', 'ಹಾಲು ಕುಡಿ', 'ಓದಿದೆಯಾ?', 'ಮಲಗು' ಎನ್ನುವಾಗ. ಅಪ್ಪಣೆಯ ಕನ್ನಡವೊಂದೇ ಕಿವಿಗೆ ಬಿದ್ದರೆ ಮಗುವಿಗೆ ಆ ನುಡಿಯ ಮೇಲೆ ಪ್ರೀತಿ ಹೇಗೆ ಬಂದೀತು? ಆಟದಲ್ಲಿ, ತಿರುಗಾಟದಲ್ಲಿ, ಗುರಿಯಿಲ್ಲದ ಹರಟೆಯಲ್ಲಿ ಕೇಳಿದ ಮಾತು ಬೇರೆ ರೀತಿಯಲ್ಲಿ ಬೇರೂರುತ್ತದೆ. ಇಳಿಹೊತ್ತು, ಬೈಗು, ಮುಸ್ಸಂಜೆ, ಗೋಧೂಳಿ, ದೀಪ ಹಚ್ಚುವ ಹೊತ್ತು ಎಂದು ಸಂಜೆಯ ಒಂದೊಂದು ಮೆಟ್ಟಿಲಿಗೂ ನಮ್ಮಲ್ಲಿ ಒಂದೊಂದು ಮಾತಿದೆ. ಇವನ್ನು ಪುಸ್ತಕದಿಂದ ಕಲಿಸುವುದು ಕಷ್ಟ. ಮಗುವಿನ ಕೈ ಹಿಡಿದು ಶಿವಾಜಿ ಪಾರ್ಕಿನಲ್ಲೋ ಮಾಟುಂಗದ ಐದು ತೋಟಗಳಲ್ಲೋ ನಿಂತು 'ಈಗ ಇಳಿಹೊತ್ತು, ಇಗೋ ಮುಸ್ಸಂಜೆಯಾಯಿತು' ಎಂದು ತೋರಿಸಿದರೆ ಸಾಕು. ನಮ್ಮ ಕಡೆಯ ಸೂರ್ಯ ಓರೆಯಾಗಿ ಜಾರದೆ ನೇರವಾಗಿ ಇಳಿಯುವುದರಿಂದ ಮುಳುಗಿದ ಮೇಲೆ ಓದಬಲ್ಲಷ್ಟು ಬೆಳಕು ಉಳಿಯುವುದು ಇಪ್ಪತ್ತು ಇಪ್ಪತ್ತೆರಡು ನಿಮಿಷ ಮಾತ್ರ. ಅಷ್ಟರೊಳಗೆ ಪಾಠ ಮುಗಿಸಬೇಕು.

ಇಷ್ಟು ಹೇಳಿದ ಮೇಲೆ ಕೇವಲ ಉಪದೇಶ ಮಾಡಿ ಕುಳಿತುಕೊಳ್ಳುವುದು ಸರಿಯಲ್ಲ. ಕಾರ್ಯಕಾರಿ ಸಮಿತಿಯ ಮುಂದೆ ನಾವು ಮೂರು ಸೂಚನೆಗಳನ್ನು ಇಡುತ್ತೇವೆ.

ಮೊದಲನೆಯದು: ಬರುವ ಶನಿವಾರದಿಂದ ಮಳೆ ಹಿಡಿಯುವವರೆಗೆ, ಶನಿವಾರದ ನಮ್ಮ ಕೂಟ ಸಭಾಂಗಣದಲ್ಲಿ ಏಳೂವರೆಗೆ ಬದಲು ಬಯಲಿನಲ್ಲಿ ಐದೂವರೆಗೆ ನಡೆಯಲಿ. ಎಲ್ಲರೂ ದಾದರಿಗೋ ಮಾಟುಂಗಕ್ಕೋ ಬರಬೇಕಾಗಿಲ್ಲ. ಡೊಂಬಿವಲಿ, ಠಾಣೆ, ನವಿ ಮುಂಬಯಿ, ಮೀರಾ ರೋಡಿನಲ್ಲಿರುವವರು ನಾಲ್ಕೈದು ಮನೆಗಳವರು ಸೇರಿ ತಮ್ಮ ತಮ್ಮ ಹತ್ತಿರದ ಉದ್ಯಾನದಲ್ಲೋ ಕಟ್ಟಡದ ಗಚ್ಚಿನ ಮೇಲೋ ಕೂಡಿದರೆ ಸಾಕು. ಅಲ್ಲಿ ಧ್ವನಿವರ್ಧಕ ಬೇಡ, ಹಾರ ಬೇಡ, ಮುಖ್ಯ ಅತಿಥಿಗಳೂ ಬೇಡ. ಹೊತ್ತು ಮುಳುಗಿ ಮುಖ ಕಾಣದಾದಾಗ ಸಭೆ ಮುಗಿಯಿತೆಂದು ತಿಳಿಯೋಣ. ವಂದನಾರ್ಪಣೆಯನ್ನು ಕತ್ತಲೆಯೇ ಮಾಡುತ್ತದೆ. ಮಕ್ಕಳಿಗೆ ಲಗೋರಿ, ಕುಂಟಾಬಿಲ್ಲೆ, ಚಿನ್ನಿದಾಂಡುಗಳನ್ನು ಕಲಿಸುವ ಕೆಲಸ ನಿವೃತ್ತರಾದ ಹಿರಿಯರದಾಗಲಿ. ನೆರೆಮನೆಯ ಮರಾಠಿ ಮಕ್ಕಳು ಬಂದರೆ ಸೇರಿಸಿಕೊಳ್ಳಿ. ಅವರ ಲಗೋರಿಗೂ ಲಗೋರಿಯೆಂದೇ ಹೆಸರು. ಕಲ್ಲು ಬಿದ್ದಾಗ ಎದ್ದ ಕೂಗಿಗೆ ಅನುವಾದ ಬೇಕಾಗುವುದಿಲ್ಲ.

ಎರಡನೆಯದು, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಆ ಕೂಟಕ್ಕೆ ತಾಯಂದಿರು ಬರಿಗೈಯಲ್ಲಿ ಬರಬೇಕು. ನಮ್ಮ ಕಾರ್ಯಕ್ರಮಗಳಲ್ಲಿ ಉಪಾಹಾರದ ಪಟ್ಟಿ ಆಗುವಾಗ 'ಇಂಥವರ ಮನೆಯಿಂದ ಚಿತ್ರಾನ್ನ, ಇಂಥವರ ಮನೆಯಿಂದ ಕೇಸರಿಬಾತು' ಎಂದು ಬರೆಯುವ ಪದ್ಧತಿಯುಂಟು. ಮನೆ ಎಂದರೆ ಅಲ್ಲಿ ಯಾರೆಂಬುದು ಎಲ್ಲರಿಗೂ ಗೊತ್ತು. ಈ ಕೂಟಕ್ಕೆ ಆ ಪಟ್ಟಿ ಬೇಡ. ಹಚ್ಚಿದ ಅವಲಕ್ಕಿ, ಒಗ್ಗರಣೆ ಮಂಡಕ್ಕಿಗಳನ್ನು ಗಂಡಸರೂ ದೊಡ್ಡ ಹುಡುಗರೂ ಕಲಸಿ ತರಲಿ. ಅದೂ ಆಗದಿದ್ದರೆ ನಮ್ಮವರ ಹೋಟೆಲುಗಳು ಇದ್ದೇ ಇವೆ. ಅಂದಿನ ರಾತ್ರಿಯ ಅಡಿಗೆಯ ಹೊಣೆಯೂ ಮನೆಯ ಉಳಿದವರದು. ವಾರಕ್ಕೆ ಒಂದು ಸಂಜೆಯಾದರೂ ಬೆಳಗ್ಗೆ ಮುಂಗಡ ಕೊಟ್ಟವರ ಕೈಗೆ ಬಡ್ಡಿ ಸೇರಲಿ. ಅವರು ಬಂದು ಏನು ಮಾಡಬೇಕೆಂದು ಯಾರೂ ಗೊತ್ತುಮಾಡಬಾರದು. ಸುಮ್ಮನೆ ಕೂತು ಆಕಾಶ ನೋಡಿದರೂ ಅದು ಅವರ ಸಂಜೆ.

ಮೂರನೆಯದು: ಸಂಜೆಯಿಲ್ಲದವರ ವಿಷಯ. ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಆರಂಭವಾಗುವ ನಡುವೆ ಕೆಲಸಗಾರರಿಗೆ ಒಂದಿಷ್ಟು ಬಿಡುವು ಇರುತ್ತದೆ. ನಮ್ಮ ವಾಚನಾಲಯ ಆಗ ಬೀಗ ಹಾಕಿಕೊಂಡಿರುತ್ತದೆ. ವಾರಕ್ಕೆ ಎರಡು ದಿನವಾದರೂ ಮೂರರಿಂದ ಐದರವರೆಗೆ ಅದನ್ನು ತೆರೆದಿಟ್ಟು, ಊರಿನ ಪತ್ರಿಕೆಗಳನ್ನೂ ಒಂದು ಲೋಟ ಚಹವನ್ನೂ ಅವರಿಗಾಗಿ ಇಡೋಣ. ರಾತ್ರಿಪಾಳಿಯವರು ಏಳುವುದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಅವರ ಸಂಜೆ ಮೂರಕ್ಕೇ ಆರಂಭವಾಗುವುದಾದರೆ ಸಂಘದ ಗಡಿಯಾರವೂ ಅವರಿಗಾಗಿ ಸ್ವಲ್ಪ ಮುಂದಕ್ಕೆ ತಿರುಗಲಿ. ಹಡ್ಸನ್ನನೂ ವಿಲೆಟ್ಟನೂ ದೇಶದ ಗಡಿಯಾರವನ್ನು ತಿರುಗಿಸಹೊರಟರು. ನಾವು ತಿರುಗಿಸಬೇಕಾದುದು ಒಂದು ಬೀಗದ ಕೈಯನ್ನು ಮಾತ್ರ.

ಇವು ಹೆಚ್ಚಿನ ಖರ್ಚಿನ ಯೋಜನೆಗಳಲ್ಲ. ಚಂದಾ ಎತ್ತಬೇಕಾಗಿಲ್ಲ, ಸ್ಮರಣ ಸಂಚಿಕೆಗೆ ಜಾಹೀರಾತು ತರುವವರಿಗೆ ಹೊಸ ಕಷ್ಟವನ್ನೂ ಕೊಡುವುದಿಲ್ಲ. ನವೆಂಬರ್ 1ರಂದು ನಾವೆಲ್ಲ ರಾಜ್ಯೋತ್ಸವಕ್ಕೆ ಸೇರುವಾಗ ಇಲ್ಲಿ ಆರು ಗಂಟೆ ಹೊಡೆದ ಐದಾರು ನಿಮಿಷಕ್ಕೇ ಸೂರ್ಯ ಮುಳುಗಿರುತ್ತಾನೆ. ಸಭಾಂಗಣದ ದೀಪಗಳ ಕೆಳಗೆ ಆ ದಿನ ಕಾರ್ಯದರ್ಶಿಗಳು ವರ್ಷದ ಜಮಾಖರ್ಚನ್ನು ಓದುವರು. ಅದರಲ್ಲಿ ಎಷ್ಟು ಶನಿವಾರ ಬಯಲಿನಲ್ಲಿ ಸೇರಿದೆವು, ಎಷ್ಟು ತಾಯಂದಿರು ಬರಿಗೈಯಲ್ಲಿ ಬಂದರು, ವಾಚನಾಲಯದ ಬಾಗಿಲು ಎಷ್ಟು ಮಧ್ಯಾಹ್ನ ತೆರೆದಿತ್ತು ಎಂಬುದೂ ಸೇರಿರಲಿ ಎಂದು ನಮ್ಮ ಬೇಡಿಕೆ.

ಈಗ ಕಿಟಕಿಯ ಹೊರಗೆ ಇನ್ನೂ ಅರ್ಧ ಗಂಟೆಯ ಬೆಳಕಿದೆ. ಅದನ್ನು ಭಾಷಣದಲ್ಲಿ ಕಳೆಯುವುದು ನಮ್ಮ ಮಾತಿಗೇ ವಿರೋಧವಾದೀತು.